ಒಬ್ಬರು ಬಂದಿದ್ದರೆ ಸಾಕಿತ್ತು

ಮೊನ್ನೆ ಮಧ್ಯಾಹ್ನ ನನ್ನ ಮೊಮ್ಮಗಳು ಅಂಗಡಿಯಿಂದ ಮುಲ್ತಾನಿ ಮಿಟ್ಟಿಯ ಪೊಟ್ಟಣ ತಂದಳು. ಮುಖಕ್ಕೆ ಹಚ್ಚಿಕೊಂಡರೆ ಬಣ್ಣ ಬರುತ್ತದಂತೆ. ಬೀದರಿನ ನೌಬಾದ್ ಬಡಾವಣೆಯ ಬಿಸಿಲಿನಲ್ಲಿ ದಿನಾ ಸ್ಕೂಟರ್ ಓಡಿಸುವ ಹುಡುಗಿಗೆ ಯಾವ ಮಣ್ಣು ಬಣ್ಣ ಕೊಟ್ಟೀತು ಎಂದು ಗೊಣಗುತ್ತ ನಾನು ಕಾಳು ಆರಿಸುತ್ತಿದ್ದೆ. ಅವಳು ಬಟ್ಟಲಿಗೆ ಪುಡಿ ಸುರಿದು, ನೀರು ಹಾಕಿ, ಬೆರಳಿನಿಂದ ಕಲಸಿದಳು. ಆ ವಾಸನೆ ಬಂತು ನೋಡಿ... ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

"ಆಯಿ, ಏನಾಯ್ತು?" ಎಂದಳು ಹುಡುಗಿ.

ಏನೂ ಆಗಿಲ್ಲ ಎಂದೆ. ಆದದ್ದು ಎಂದೋ ಆಗಿಹೋಗಿತ್ತು. ನನಗಾಗ ಹದಿಮೂರು ವರ್ಷ. ಊರು ಭಾಲ್ಕಿ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಯಾವುದೋ ಮಳೆಗಾಲದಲ್ಲಿ ಆ ಗೋಡೆಯ ತಲೆ ಕುಸಿದು ನನ್ನ ಎದೆಮಟ್ಟಕ್ಕೆ ಬಂದು ನಿಂತಿತ್ತು. ಅದನ್ನು ಮತ್ತೆ ಎತ್ತರಿಸುವ ಗೋಜಿಗೆ ಎರಡೂ ಮನೆಯವರು ಹೋಗಿರಲಿಲ್ಲ. ಗೋಡೆಯ ಆಚೆ ಮಾಸ್ತರ್ ಸಾಹೇಬರು ಇದ್ದರು.

ಸರ್ಕಾರಿ ಮದರಸಾದಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು. ನಿಜಾಮರ ಕಾಲ, ಶಾಲೆಯಲ್ಲಿ ಎಲ್ಲ ಪಾಠವೂ ಉರ್ದುವಿನಲ್ಲಿ, ಇಂಗ್ಲಿಷಿಗೆ ಮಾತ್ರ ಒಂದು ತಾಸು. ಮಾಸ್ತರ್ ಸಾಹೇಬರ ಮೂಲ ಊರು ಔರಾದ. ಅಲ್ಲಿ ಅವರ ವಿಧವೆ ಅಕ್ಕ ಇದ್ದಳು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ ಒಲೆ ಹಚ್ಚಿ, ಒಬ್ಬರೇ ಉಂಡು, ಒಂದೇ ತಟ್ಟೆ ತೊಳೆದು ಗೋಡೆಗೆ ಆನಿಸಿಡುವ ಸದ್ದು ನಮಗೆ ಕೇಳುತ್ತಿತ್ತು. ನಮ್ಮ ಅವ್ವ ಆ ತಟ್ಟೆಯ ಸದ್ದಿಗೆ ಪ್ರತಿದಿನ "ಪಾಪ" ಎನ್ನುತ್ತಿದ್ದಳು. ಎಂದಾದರೂ ಸದ್ದು ತಡವಾದರೆ ಗೋಡೆಯ ಹತ್ತಿರ ಹೋಗಿ ಸುಮ್ಮನೆ ಕೆಮ್ಮುತ್ತಿದ್ದಳು. ಆಚೆಯಿಂದ ಅವರೂ ಒಮ್ಮೆ ಕೆಮ್ಮಿದರೆ ಅವಳಿಗೆ ಸಮಾಧಾನ.

ನನ್ನನ್ನು ಶಾಲೆಗೆ ಕಳಿಸಿರಲಿಲ್ಲ. ಅಪ್ಪನದು ಬಟ್ಟೆ ಅಂಗಡಿ. ಹೆಣ್ಣು ಹುಡುಗಿ ಉರ್ದು ಓದಿ ಏನು ಮಾಡಬೇಕಾಗಿದೆ ಎನ್ನುವುದು ಅವನ ಲೆಕ್ಕ. ಮೂರು ಅಕ್ಷರ ಕನ್ನಡ ಅವ್ವ ಕಲಿಸಿದ್ದಳು. ನಾನು ಹಟಮಾರಿ, ಸಂಜೆ ಗೋಡೆಗೆ ಗದ್ದ ಇಟ್ಟುಕೊಂಡು ಮಾಸ್ತರ್ ಸಾಹೇಬರು ಪರೀಕ್ಷೆಯ ಕಾಗದ ತಿದ್ದುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಒಂದು ದಿನ ಅವರು ತಲೆ ಎತ್ತದೆಯೇ ಕೇಳಿದರು.

"ಬೇಟಿ, ನೋಡೂದ ಅಷ್ಟೇ ಏನ್, ಕಲಿಯೂದೂ ಅದ?"

ಮರುದಿನ ಗೋಡೆಯ ಮೇಲೆ ನನಗೊಂದು ತಖ್ತಿ ಕಾದಿತ್ತು. ಮರದ ಹಲಗೆ, ಮೇಲೊಂದು ಹಿಡಿಕೆ. ಮುಲ್ತಾನಿ ಮಿಟ್ಟಿ ಕಲಸಿ ಅದಕ್ಕೆ ಬಳಿಯಬೇಕು, ಬಿಸಿಲಿಗೆ ಒಣಗಿಸಬೇಕು, ಆಮೇಲೆ ಬಿದಿರಿನ ಖಲಮಿನಿಂದ ಕಪ್ಪು ಶಾಯಿಯಲ್ಲಿ ಬರೆಯಬೇಕು. ಮರುದಿನ ತೊಳೆದು ಮತ್ತೆ ಮಣ್ಣು ಬಳಿಯಬೇಕು. ನನ್ನ ಉಗುರಿನ ಸಂದಿಯಲ್ಲಿ ಸದಾ ಆ ಮಣ್ಣು ಇರುತ್ತಿತ್ತು. ಅದೇ ಕೈಯಲ್ಲಿ ಹಿಟ್ಟು ನಾದಿದ್ದಕ್ಕೆ ಅವ್ವನಿಂದ ಏಟೂ ತಿಂದಿದ್ದೇನೆ.

ಅವರ ಪಾಠದ ರೀತಿ ವಿಚಿತ್ರವಾಗಿತ್ತು. ಸಂಜೆಗೆ ಒಂದೇ ಇಂಗ್ಲಿಷ್ ಶಬ್ದ. ತಖ್ತಿಯ ಮೇಲೆ ಬರೆದು, ಅರ್ಥ ಹೇಳಿ, ಕಳಿಸಿಬಿಡುವರು. ಮರುದಿನ ಗೋಡೆಗೆ ಬಂದ ಕೂಡಲೇ ಕೇಳುವ ಮೊದಲ ಮಾತು, "ಬೇಟಿ, ಲಫ್ಜ್ ಬಳಸಿದಿ?" ಆ ಶಬ್ದವನ್ನು ನಾನು ಹಿಂದಿನ ಸಂಜೆಯಿಂದ ಈ ಸಂಜೆಯೊಳಗೆ ನಮ್ಮ ಮನೆಯಲ್ಲಿ, ನಿಜವಾಗಿ ನಡೆದ ಸಂಗತಿಗೆ, ಬಾಯಿಬಿಟ್ಟು ಬಳಸಿರಬೇಕು. ಕೇಳಿದವರಿಗೆ ತಿಳಿಯದಿದ್ದರೂ ಚಿಂತೆಯಿಲ್ಲ. ಸುಮ್ಮನೆ ಕಟ್ಟಿದ ವಾಕ್ಯ ನಡೆಯದು. ಬಳಸಿಲ್ಲವೆಂದರೆ ಬೈಗುಳವೂ ಇಲ್ಲ, ಹೊಸ ಶಬ್ದವೂ ಇಲ್ಲ. ಮುಖ ಸಪ್ಪೆ ಮಾಡಿಕೊಂಡು ತಿರುಗಿ ಬರಬೇಕು.

ಹೀಗಾಗಿ ನಾನು ಮನೆಯಲ್ಲಿ ಹುಚ್ಚಿಯಂತೆ ಇಂಗ್ಲಿಷ್ ಆಡಿದೆ. ಅವ್ವ ಪಕ್ಕದ ಓಣಿಯಿಂದ ಕೆಂಡ ಕಡ ತಂದಾಗ, ಕಡ ತರುವುದಕ್ಕೆ ಕಲಿತಿದ್ದ 'ಬಾರೋ' ಎಂದೆ. ಕರೆಯದೇ ಇದ್ದ ನಮ್ಮ ನಾಯಿ ಓಡಿಬಂತು. ಕೊಡ ಒಡೆದು 'ರಿಗ್ರೆಟ್' ಎಂದೆ. ಅವ್ವ ಅದನ್ನು ಏನೋ ಬೈಗುಳ ಎಂದುಕೊಂಡು ಬೆನ್ನಿಗೆ ಎರಡು ಹೆಚ್ಚು ಕೊಟ್ಟಳು. ಗೋಡೆಯ ಆಚೆ ಮಾಸ್ತರ್ ಸಾಹೇಬರು ನಗುವುದು ಕೇಳಿಸಿತು. ಅವರು ನಕ್ಕಿದ್ದನ್ನು ನಾನು ಕೇಳಿದ್ದು ಬಹಳ ಸಲವೇನಲ್ಲ.

ಎಳ್ಳ ಅಮವಾಸ್ಯೆಗೆ ನಮ್ಮ ಹೊಲಕ್ಕೆ ಊಟಕ್ಕೆ ಅವರು ತಪ್ಪದೆ ಬರುತ್ತಿದ್ದರು. ಜೋಳದ ಬೆಳೆಯ ನಡುವೆ ಕಂಬಳಿ ಹಾಸಿ, ಸಜ್ಜೆ ರೊಟ್ಟಿ, ಕಾಳು ತರಕಾರಿ ಕುದಿಸಿದ ಭಜ್ಜಿ, ಅಂಬಲಿ. ಓಣಿಯವರೆಲ್ಲ ಸೇರುತ್ತಿದ್ದರು. ಒಂದು ವರ್ಷ ಅವ್ವ ಒತ್ತಾಯ ಮಾಡಿ ಮೂರನೆಯ ಸಲ ಭಜ್ಜಿ ಬಡಿಸಲು ಬಂದಾಗ ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಸಫೈಸ್ ಆಯ್ತ್ರಿ ಅಕ್ಕೋರೆ, ಸಫೈಸ್ ಆಯ್ತು" ಎಂದರು. ಅದೇ ಸಂಜೆ ಆ ಶಬ್ದ ನನ್ನ ತಖ್ತಿಗೆ ಬಂತು. ಸಫೈಸ್. ಸಾಕಾಗುವುದು.

ಸುಲಭದ ಶಬ್ದ ಎಂದುಕೊಂಡೆ. ಮರುದಿನವೇ ಹೋಗಿ, ಎರಡು ರೊಟ್ಟಿ ನನಗೆ ಸಫೈಸ್ ಆದವು ಎಂದು ಒಪ್ಪಿಸಿದೆ.

"ಬೇಟಿ, ನಿಮ್ಮ ಅವ್ವನ ದನಿ ಗ್ವಾಡಿ ದಾಟಿ ಬರ್ತದ. ಸಾಡೇತೀನ್ ರೊಟ್ಟಿ ತಿಂದಿ ನೀ, ಮೂರೂವರಿ. ಝೂಟ್ ನಡಿಯೂದಿಲ್ಲ."

ಅಲ್ಲಿಗೆ ನನ್ನ ಗಾಡಿ ನಿಂತಿತು. ನಮ್ಮ ಮನೆಯಲ್ಲಿ ಯಾವುದು ಸಾಕಾಗುತ್ತಿತ್ತು ಹೇಳಿ? ನೀರು ಸಾಲದು, ಸೌದೆ ಸಾಲದು, ಅಪ್ಪನಿಗೆ ಗಿರಾಕಿ ಸಾಲದು, ನನಗೆ ರೊಟ್ಟಿ ಸಾಲದು. ದಿನ ಕಳೆದವು, ವಾರ ಕಳೆದವು. ನಾನು ಹಟಕ್ಕೆ ಬಿದ್ದೆ, ಅವರು ನನಗಿಂತ ಹಟಮಾರಿ. ಹೊಸ ಶಬ್ದ ಕೊಡಲಿಲ್ಲ. ಹಳೆಯ ಶಬ್ದಗಳನ್ನೇ ತಿದ್ದಿ ತೀಡಿ ಬರೆಸುತ್ತ, ಓದಿಸುತ್ತ ಕೂತರು. ಬೇಸಿಗೆ ಬಂತು.

ಆ ಬೇಸಿಗೆಯ ಹೊತ್ತಿಗೆ ಊರಿನ ಗಾಳಿಯೇ ಕೆಟ್ಟಿತ್ತು. ನಿಜಾಮರ ಕಡೆಯ ರಜಾಕಾರರು ಖಾಕಿ ಹಾಕಿಕೊಂಡು ಲಾಠಿ ಹಿಡಿದು ಓಣಿ ಓಣಿ ತಿರುಗುತ್ತಿದ್ದರು. ನಮ್ಮ ಅಪ್ಪನ ಮೇಲೆ ಯಾರೋ ಚಾಡಿ ಹೇಳಿದರು. ಅವನು ಒಬ್ಬನೇ ಗಿರಾಕಿಗೆ ಕೇಸರಿ, ಬಿಳಿ, ಹಸಿರು ಮೂರೂ ಬಟ್ಟೆ ಒಟ್ಟಿಗೆ ಹರಿದು ಕೊಟ್ಟಿದ್ದಾನೆ, ಬಾವುಟ ಹೊಲಿಯುವುದಕ್ಕೇ ಕೊಟ್ಟಿದ್ದಾನೆ ಎಂದು. ಕೊಟ್ಟಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ, "ಬಟ್ಟಿ ಮಾರಾವ ಬಣ್ಣ ನೋಡ್ತಾನೇನ?" ಎನ್ನುತ್ತಿದ್ದ. ಒಂದು ಮಧ್ಯಾಹ್ನ ಹತ್ತು ಹನ್ನೆರಡು ಜನ ನಮ್ಮ ಓಣಿಗೆ ಬರುತ್ತಿದ್ದಾರೆಂದು ಸುದ್ದಿ ಬಂತು. ಅಪ್ಪ ಒಳಕೋಣೆಯಲ್ಲಿ ಕಂಬ ಹಿಡಿದು ನಿಂತ. ಅವ್ವ ನನ್ನನ್ನು ಅಡುಗೆಮನೆಗೆ ನೂಕಿದಳು. ಅಲ್ಲಿಂದ ಇಣುಕಿ ನೋಡಿದರೆ ಮಾಸ್ತರ್ ಸಾಹೇಬರು ನಮ್ಮ ತಲೆಬಾಗಿಲಿನ ಹೊಸ್ತಿಲ ಮೇಲೆ ಚಾಪೆ ಹಾಸಿ, ತೊಡೆಯ ಮೇಲೆ ಪರೀಕ್ಷೆಯ ಕಾಗದಗಳ ಕಟ್ಟು ಇಟ್ಟುಕೊಂಡು ಕೂತಿದ್ದರು.

ಅಪ್ಪ ಒಳಗಿನಿಂದಲೇ, "ಮಾಸ್ತರ್ ಸಾಬ್, ಇನ್ನೂ ನಾಕ ಮಂದಿನ್ನ ಕರೀರಿ. ನೀವ ಒಬ್ರು ಏನ್ ಮಾಡ್ತೀರಿ?" ಎಂದ.

ಅವರು ತಿರುಗಿ ನೋಡದೆ, ಅಡುಗೆಮನೆಯಲ್ಲಿದ್ದ ನನಗೆ ಕೇಳುವಂತೆ ಹೇಳಿದರು. "ಕೇಳ್ಸ್ಕೋ ಬೇಟಿ. ಒನ್ ಮ್ಯಾನ್ ವಿಲ್ ಸಫೈಸ್."

ಬಂದವರ ಮುಂದಾಳು ಅವರ ಶಿಷ್ಯನೇ. ಎರಡು ಸಲ ಇಂಗ್ಲಿಷಿನಲ್ಲಿ ನಪಾಸಾದ ಮಹಾರಾಯ. ಮಾಸ್ತರ್ ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾ, ಕೂಡು. ನಿನ್ನ ಪರೀಕ್ಷಾದ ಪರ್ಚಾ ಇನ್ನೂ ನನ್ನ ಕಡೆ ಅದ. ತೋರಿಸ್ಲೇನ ಇವರಿಗೆಲ್ಲ?" ಎಂದರು. ಅಷ್ಟೇ. ಆ ಲಾಠಿಯ ಗಂಡು ಶಾಲೆಯ ಹುಡುಗನ ಹಾಗೆ ಕೆಳಗೆ ನೋಡಿದ. ಸ್ವಲ್ಪ ಹೊತ್ತು ಗದ್ದಲ ಮಾಡಿ ಎಲ್ಲರೂ ಹೋದರು. ಅವರು ಮಾತ್ರ ಸೂರ್ಯ ಮುಳುಗುವ ತನಕ ಹೊಸ್ತಿಲು ಬಿಟ್ಟು ಏಳಲಿಲ್ಲ. ಅಷ್ಟೂ ಕಾಗದಗಳನ್ನು ಅಲ್ಲೇ ಕೂತು ತಿದ್ದಿ ಮುಗಿಸಿದರು. ಏಳುವಾಗ ನನ್ನ ತಲೆ ಮುಟ್ಟಿ, "ಇದು ನಾ ಬಳಸಿದ್ದು. ನಿಂದು ನೀ ಬಳಸಬೇಕು, ಏನ್?" ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಪೋಲೀಸ್ ಆಕ್ಷನ್ ಆಯಿತು. ನಾಲ್ಕೈದು ದಿನಗಳಲ್ಲಿ ನಿಜಾಮರ ರಾಜ್ಯ ಮುಗಿಯಿತು. ಟ್ರಕ್ಕುಗಳಲ್ಲಿ ಭಾರತದ ಸೈನಿಕರು ಬಂದರು. ನಾವು ಹುಡುಗಿಯರು ಹೂ ಎರಚಿದೆವು. ಅಪ್ಪ ಎದೆಯುಬ್ಬಿಸಿ ಮೂರು ಬಣ್ಣದ ಬಟ್ಟೆ ಮಾರಿದ. ಸಂತೋಷವಾಗಿದ್ದು ಸುಳ್ಳಲ್ಲ. ಆದರೆ ಆ ಸಂತೋಷ ವಾರವೂ ನಿಲ್ಲಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಬರುವ ಸುದ್ದಿ ಕೇಳಿ ಅವ್ವ ಊಟ ಬಿಟ್ಟಳು. ರಜಾಕಾರರು ಮಾಡಿದ್ದಕ್ಕೆ ರಜಾಕಾರರಲ್ಲದ ಮುಸಲ್ಮಾನರು ತಲೆ ಕೊಟ್ಟರು. ಅದರ ಬಗ್ಗೆ ನಮ್ಮ ಕಡೆಯವರು ಇಂದಿಗೂ ಗಟ್ಟಿಯಾಗಿ ಮಾತಾಡುವುದಿಲ್ಲ, ನಾನೂ ಆಡಿದವಳಲ್ಲ...

ನಮ್ಮ ಓಣಿಗೂ ಒಂದು ಟ್ರಕ್ಕು ಬಂತು. ಇವರೆಲ್ಲ ರಜಾಕಾರರೆಂದು ಯಾರೋ ಕೊಟ್ಟ ಪಟ್ಟಿ ಹಿಡಿದು ಇಪ್ಪತ್ತು ಜನರನ್ನು ಹತ್ತಿಸಿಕೊಂಡಿತು. ಅದರಲ್ಲಿ ನಮ್ಮ ಅಂಗಡಿಯ ಎದುರಿನ ದರ್ಜಿ ಇದ್ದ. ಮಾಸ್ತರ್ ಸಾಹೇಬರೂ ಇದ್ದರು. ಅವರು ಶೇರವಾನಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಮನೆಗೆ ಬೀಗ ಹಾಕಿ, ನಮ್ಮ ಬಾಗಿಲ ಕಡೆಗೆ ಒಮ್ಮೆ ನೋಡಿದರು. ಕಿಟಕಿಯ ಸಂದಿಯಿಂದ ನಾನು ಕಂಡೆ. ನಮ್ಮ ಹೊಸ್ತಿಲ ಮೇಲೆ ಯಾರೂ ಇರಲಿಲ್ಲ. ಅಪ್ಪ ಒಳಗೆ ಅದೇ ಕಂಬ ಹಿಡಿದು ನಿಂತಿದ್ದ.

ದಸರೆ ಮುಗಿದ ಮೇಲೆ ದರ್ಜಿ ಬಿಡುಗಡೆಯಾಗಿ ಬಂದ. ಅವನಿಂದ ಬಟ್ಟೆ ಹೊಲಿಸುತ್ತಿದ್ದ ಒಬ್ಬ ಗೌಡರು ಬೀದರಿಗೆ ಹೋಗಿ ಅವನ ಪರವಾಗಿ ಮಾತು ಕೊಟ್ಟಿದ್ದರು. ಬಂದವನು ಮೊದಲು ನಮ್ಮ ಮನೆಗೇ ಬಂದ. ನೀರು ಕುಡಿದು ಅಪ್ಪನಿಗೆ ಹೇಳಿದ.

"ಸಾವ್ಕಾರ್ರ, ಬೀದರದಾಗ ಒಂದು ಹಳೇ ಕೋಠಿಯೊಳಗ ಇಟ್ಟಾರ ನಮ್ನ. ಊರಾಗಿನ ಮರ್ಯಾದಸ್ಥರು ಒಬ್ಬರು ಬಂದು, ಈ ಮನಶ್ಯಾ ರಜಾಕಾರ ಅಲ್ಲ ಅಂತ ದಸ್ಕತ್ ಹಾಕಿದರ ಬಿಡ್ಲತ್ತಾರ. ಮಾಸ್ತರ್ ಸಾಬ್ ನಿಮಗ ಹೇಳಿ ಕಳಿಸ್ಯಾರ. ಸಾವ್ಕಾರ್ರು ಒಬ್ಬರು ಬಂದರ ಸಾಕು ಅಂದಾರ."

ಅಪ್ಪ "ಹೂಂ" ಎಂದ. ದರ್ಜಿ ಅದೇ ಸುದ್ದಿಯನ್ನು ಓಣಿಯಲ್ಲೆಲ್ಲ ಹೇಳುತ್ತ ಹೋದ. ಆ ದಿನ ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿದ, ಪಲ್ಯ ಕೇಳಿದ. ನನಗೆ ತಡೆಯಲಾಗಲಿಲ್ಲ. ಗಟ್ಟಿಯಾಗಿ ಹೇಳಿದೆ, "ಒನ್ ಮ್ಯಾನ್ ವಿಲ್ ಸಫೈಸ್." ಆ ಶಬ್ದ ನನ್ನ ಬಾಯಲ್ಲಿ ಮೊದಲ ಸಲ ನಿಜವಾಗಿ ಬಂದದ್ದು ಆಗ. ಅಪ್ಪ ಹಾಗೆಂದರೇನು ಎಂದು ಕೇಳಿದ. ಒಬ್ಬರು ಸಾಕು, ನೀನು ಒಬ್ಬ ಹೋದರೆ ಸಾಕು ಎಂದೆ.

ಅವನು ತುತ್ತು ಕೆಳಗಿಟ್ಟ. ಆಮೇಲೆ, "ಹೌದಲ್ಲ. ಒಬ್ಬರು ಸಾಕು. ಅರ್ಧ ಊರಿಗೆ ಸಾಲಿ ಕಲಿಸ್ಯಾರ ಅವರು. ಆ ಒಬ್ಬರು ಇಷ್ಟೊತ್ತಿಗೆ ಹೋಗಿರ್ತಾರ" ಎಂದ.

"ಹೋಗಿಲ್ಲಂದ್ರ?" ಎಂದಳು ಅವ್ವ.

"ಯಾಕ ಹೋಗಿರೂದಿಲ್ಲ? ನಾನ ಹೋಗಬೇಕಂತ ಬರದದೇನು?"

ಅವನ ಹೆದರಿಕೆ ಸುಳ್ಳಾಗಿರಲಿಲ್ಲ, ಅದನ್ನೂ ಹೇಳಬೇಕು. ದರ್ಜಿಯನ್ನು ಬಿಡಿಸಿಕೊಂಡು ಬಂದ ಗೌಡರ ಬಾಗಿಲ ಮೇಲೆ ಯಾರೋ ಇದ್ದಿಲಿನಿಂದ 'ರಜಾಕಾರರ ವಕೀಲ' ಎಂದು ಬರೆದುಹೋಗಿದ್ದರು. ಬೇಸಿಗೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವರು ಈಗ ಬಿಳಿ ಟೋಪಿ ಹಾಕಿಕೊಂಡು ಯಾರು ಯಾರ ಪರ ಎಂದು ಪಟ್ಟಿ ಬರೆಯುತ್ತಿದ್ದರು. ನನಗಿಂತ ದೊಡ್ಡ ಅಕ್ಕನ ಮದುವೆ ನಿಶ್ಚಯವಾಗುವುದರಲ್ಲಿತ್ತು. ಅವನು ಹೆದರಿದ. ಹೆದರಿಕೆಯ ಮೇಲೆ ಆ ಒಂದು ಮಾತು ಹೊದಿಸಿಕೊಂಡು ಮಲಗಿದ. ಆ ಮಾತನ್ನು ಅವನ ಕೈಗೆ ಕೊಟ್ಟವಳು ನಾನೇ.

ಅವ್ವ ಒಂದು ವಾರ ದಿನಾ ಕೇಳಿದಳು. ಆಮೇಲೆ ಎರಡು ದಿನಕ್ಕೊಮ್ಮೆ. ಆಮೇಲೆ ಬಿಟ್ಟಳು. ನಾನೂ ಬಿಟ್ಟೆ. ಯಾರೋ ಹೋಗಿದ್ದಾರೆ, ಅವರು ಬಿಡುಗಡೆಯಾಗಿ ಅಕ್ಕನ ಮನೆಗೆ, ಔರಾದಿಗೆ ಹೋಗಿರಬೇಕು ಎಂದು ನಾನು ನನಗೇ ಹೇಳಿಕೊಂಡೆ. ನಂಬಿದೆ ಕೂಡ. ಗೋಡೆಯ ಆಚೆ ತಟ್ಟೆಯ ಸದ್ದಿರಲಿಲ್ಲ. ಅಂಗಳದಲ್ಲಿ ಹುಲ್ಲು ಮೊಳಕಾಲೆತ್ತರ ಬೆಳೆಯಿತು, ಒಣಗಿತು. ದೀಪಾವಳಿ ಬಂದು ಹೋಯಿತು. ನಾನು ತಖ್ತಿಗೆ ಮಣ್ಣು ಬಳಿಯುವುದನ್ನು ನಿಲ್ಲಿಸಿದೆ. ಸಂಜೆಯ ಹೊತ್ತು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಅಷ್ಟು ಜನರಿದ್ದ ಮನೆಯಲ್ಲಿ ನಾನು ಒಬ್ಬಳೇ ಆಗಿಬಿಟ್ಟಿದ್ದೆ.

ಎಳ್ಳ ಅಮವಾಸ್ಯೆ ಬಂತು. ಎಂದಿನಂತೆ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಕಂಬಳಿ ಹಾಸಿ ಓಣಿಯವರೆಲ್ಲ ಊಟಕ್ಕೆ ಕೂತರು. ಅವ್ವ ಭಜ್ಜಿ ಬಡಿಸುತ್ತ ಬಂದವಳು ಒಂದು ಕಡೆ ನಿಂತಳು. ಮಾಸ್ತರ್ ಸಾಹೇಬರು ಕೂಡುತ್ತಿದ್ದ ಜಾಗ ಅದು. ಯಾರೂ ಹೇಳದೇ ಅಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟುಹೋಗಿತ್ತು.

"ಮಾಸ್ತರ್ ಸಾಬರಿಗೆ ಯಾರ ಹೋಗಿ ದಸ್ಕತ್ ಹಾಕಿ ಬಂದ್ರಿ?" ಎಂದು ಅವ್ವ ಎಲ್ಲರನ್ನೂ ಕೇಳಿದಳು.

ಕಿರಾಣಿ ಅಂಗಡಿಯವರು ಅಪ್ಪನನ್ನು ನೋಡಿದರು. "ಸಾವ್ಕಾರ್ರು ಹೋಗ್ಯಾರಲ್ಲ? ಗ್ವಾಡಿ ಹಚ್ಚಿ ಮನಿ ಇದ್ದವರು."

ಅಪ್ಪ ವೈದ್ಯರನ್ನು ನೋಡಿದ. ಅವರ ಇಬ್ಬರು ಗಂಡುಮಕ್ಕಳು ಮಾಸ್ತರ್ ಸಾಹೇಬರ ಕೈಯಲ್ಲಿ ಓದಿದ್ದರು. "ನಾ ಪಟೇಲರು ಹೋಗ್ಯಾರಂತ ತಿಳಿದಿದ್ದೆ" ಎಂದರು ವೈದ್ಯರು. ಪಟೇಲರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

ಅಷ್ಟು ಜನರೂ ದೊಡ್ಡ ಮನುಷ್ಯರು, ಅಷ್ಟು ಜನರೂ ಅವರಿಗೆ ಋಣಿಗಳು, ಅಷ್ಟು ಜನರೂ ಒಬ್ಬರು ಸಾಕು ಎಂದುಕೊಂಡು ಮನೆಯಲ್ಲೇ ಇದ್ದರು. ಅವ್ವ ಭಜ್ಜಿಯ ಪಾತ್ರೆಯನ್ನು ಆ ಖಾಲಿ ಜಾಗದಲ್ಲಿ ಇಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಮರುದಿನ ಬೆಳಗಿನ ರೈಲಿಗೆ ಅಪ್ಪ ಹೊರಟ. ಅಲ್ಲಿ ಇಂಗ್ಲಿಷ್ ಕಾಗದ ಓದುವವರು ಬೇಕಾಗಬಹುದೆಂದು ನನ್ನನ್ನೂ ಕರೆದುಕೊಂಡ. ಬೀದರಿನ ಆ ಕಟ್ಟಡದ ಬಾಗಿಲಲ್ಲಿ ಮೇಜಿನ ಮೇಲೆ ಒಂದು ದೊಡ್ಡ ಪುಸ್ತಕ ಇತ್ತು. ಪಹರೆಯವನು ಅದನ್ನು ನಮ್ಮ ಕಡೆ ತಿರುಗಿಸಿದ. ಒಂದು ಸಾಲಿನಲ್ಲಿ ಹೆಸರು, ಎದುರಿಗೆ ಅವರ ಪರವಾಗಿ ಬಂದವರ ದಸ್ಕತ್ತು. ನಾನು ಬೆರಳಿಟ್ಟು ಓದುತ್ತ ಹೋದೆ. ಕಮಠಾಣದ ಒಬ್ಬ ಬಡಗಿಗೆ ಮೂವರು ಬಂದಿದ್ದರು. ಅಷ್ಟೂರಿನ ಒಬ್ಬ ಮಾಲಿಗೆ ಇಬ್ಬರು. ಮಾಸ್ತರ್ ಸಾಹೇಬರ ಹೆಸರಿನ ಎದುರಿಗೆ ಬಿಳಿ ಕಾಗದವಿತ್ತು.

ಅಪ್ಪ ದಸ್ಕತ್ತು ಹಾಕಿದ. ಅಧಿಕಾರಿ ಎರಡು ಪ್ರಶ್ನೆ ಕೇಳಿದರು, ತಲೆಯಾಡಿಸಿದರು, ಮುಗಿಯಿತು. ಎಲ್ಲ ಸೇರಿ ಅರ್ಧ ತಾಸು ಹಿಡಿದಿರಬೇಕು. ಅರ್ಧ ತಾಸು! ಮಾಸ್ತರರನ್ನು ಕರೆತರಲು ಹೋಗುವ ಮೊದಲು ಪಹರೆಯವನು ಹಿಂದಿಯಲ್ಲಿ ಹೇಳಿದ. ಈ ಮುದುಕರು ದಿನಾ ಬೆಳಿಗ್ಗೆ ಮುಖ ತೊಳೆದು, ಶೇರವಾನಿ ಹಾಕಿಕೊಂಡು, ಗಂಟು ಕಟ್ಟಿಕೊಂಡು ಬಾಗಿಲ ಎದುರಿಗೆ ಕೂಡುತ್ತಾರೆ. ಸಂಜೆಗೆ ಗಂಟು ಬಿಚ್ಚುತ್ತಾರೆ. ಒಂದು ದಿನವೂ ತಪ್ಪಿಸಿಲ್ಲ, ನಾವೆಲ್ಲ ಮೊದಮೊದಲು ನಗುತ್ತಿದ್ದೆವು ಎಂದ.

ಅವರು ಗಂಟು ಹಿಡಿದುಕೊಂಡೇ ಬಂದರು. ಶೇರವಾನಿ ಅವರ ಮೈಮೇಲೆ ಬೇರೆ ಯಾರದೋ ಹಾಗೆ ಜೋತಾಡುತ್ತಿತ್ತು. ಅಪ್ಪ ಅವರ ಕೈ ಹಿಡಿದುಕೊಂಡ. ಅವರು "ದಸ್ಕತ್ ತಸ್ದೀಕ್ ಆಯ್ತೇನ್ರಿ, ಹೋಗಾಮು?" ಎಂದರು. ಅಷ್ಟೇ ಮಾತು.

ರೈಲಿನಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತೆವು. ಆಮೇಲೆ ಅಪ್ಪ ಕೆಮ್ಮಿ, ಯಾರೂ ಕೇಳದೇ ಇದ್ದ ಮಾತಿಗೆ ಉತ್ತರ ಹೇಳಿದ.

"ನಿನ್ನಿನ ತನಕ ನಮಗ ಗೊತ್ತೇ ಇರ್ಲಿಲ್ರಿ ಮಾಸ್ತರ್ ಸಾಬ್. ನೀವು ಔರಾದದಾಗ ಇದ್ದೀರಂತ ತಿಳಿದಿದ್ವಿ. ಗೊತ್ತಾದ ಕೂಡ್ಲೇ ಓಡಿ ಬಂದಿವಿ ನೋಡ್ರಿ."

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಹಿಂಗಾರಿ ಜೋಳ ತೆನೆ ಹೊತ್ತು ನಿಂತಿತ್ತು. ಅಲ್ಲಿಂದ ನನ್ನ ಕಡೆ ತಿರುಗಿದರು. ಮೊದಲಿನದೇ ದನಿ, ಗೋಡೆಯ ಆಚೆಯಿಂದ ಬರುತ್ತಿದ್ದ ದನಿ.

"ಬೇಟಿ, ಲಫ್ಜ್ ಬಳಸಿದಿ?"

ಬಳಸಿದ್ದೆ. ನಿಜವಾಗಿ ನಡೆದ ಸಂಗತಿಗೆ, ಬಾಯಿಬಿಟ್ಟು, ಊಟಕ್ಕೆ ಕೂತಾಗ ಬಳಸಿದ್ದೆ. ಹೌದು ಎಂದರೆ ಎಲ್ಲಿ, ಯಾವಾಗ ಎಂದು ಕೇಳುವರು. ಅದು ಅವರ ಪದ್ಧತಿ. ದರ್ಜಿ ಬಂದ ದಿನ ಎನ್ನಬೇಕು. ದಸರೆ ಮುಗಿದ ಮೇಲೆ ಎನ್ನಬೇಕು. ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ಅವನ ಮೊಳಕೈ ನನ್ನ ಮೊಳಕೈಗೆ ತಾಗುತ್ತಿತ್ತು, ಅದು ಕಲ್ಲಿನ ಹಾಗೆ ಬಿಗಿಯಾದದ್ದು ನನಗೆ ಗೊತ್ತಾಯಿತು.

"ಇಲ್ರಿ, ಬಳಸಿಲ್ರಿ" ಎಂದೆ.

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಅವ್ವ ಒತ್ತಾಯ ಮಾಡಿ ಬಡಿಸಲು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರಲ್ಲ, ಅಂಥದೊಂದು ನೋಟ. ಆಮೇಲೆ, "ಬರೋಬರ್. ಹಂಗಾದ್ರ ಮುಂದಿನ ಲಫ್ಜ್ ಇಲ್ಲ" ಎಂದು ಮತ್ತೆ ಕಿಟಕಿಗೆ ತಿರುಗಿದರು.

ಭಾಲ್ಕಿಯ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ನನ್ನ ತಲೆಗೆ ಹೊಳೆಯಿತು. ದರ್ಜಿಯ ಕೈಯಲ್ಲಿ ಮಾತು ಕಳಿಸಿದವರು ಅವರೇ ಅಲ್ಲವೇ? ಅವನು ಬಂದು ಹೇಳಿಯೇ ಇರುತ್ತಾನೆಂದು ಅವರಿಗೆ ಗೊತ್ತಿತ್ತು. ಅಪ್ಪ ಹೇಳಿದ್ದು ಸುಳ್ಳೆಂದು ಬಾಯಿ ತೆರೆಯುವ ಮೊದಲೇ ಗೊತ್ತಿತ್ತು. ಅಪ್ಪನಿಂದ ಅವರು ಏನನ್ನೂ ಕೇಳಲಿಲ್ಲ. ಕೇಳಿದ್ದು ನನ್ನನ್ನು. ಆ ಬೆಂಚಿನ ಮೇಲೆ ನಿಜ ಹೇಳುವವರು ಒಬ್ಬರು ಇದ್ದಿದ್ದರೆ ಅವರಿಗೆ ಸಾಕಿತ್ತು...

ಅವರು ಬೇಸಿಗೆಯವರೆಗೂ ಗೋಡೆಯ ಆಚೆ ಇದ್ದರು. ತಟ್ಟೆಯ ಸದ್ದು ಮತ್ತೆ ಕೇಳಿಸಿತು. ಅವ್ವ ಪಲ್ಯ ಮಾಡಿದ್ದನ್ನು ಗೋಡೆಯ ಮೇಲಿಟ್ಟರೆ ತೆಗೆದುಕೊಳ್ಳುತ್ತಿದ್ದರು, ಬಟ್ಟಲು ತೊಳೆದು ಇಡುತ್ತಿದ್ದರು. ಅವ್ವ ಕೆಮ್ಮಿದರೆ ಅವರೂ ಕೆಮ್ಮುತ್ತಿದ್ದರು. ನಾನು ಮಾತ್ರ ಗೋಡೆಯ ಹತ್ತಿರ ಹೋಗಲಿಲ್ಲ. ದಿನಾ ಸಂಜೆ ಹೋಗಬೇಕೆಂದುಕೊಳ್ಳುವುದು, ಕಾಲು ಏಳದಿರುವುದು. ಅವರೂ ಕರೆಯಲಿಲ್ಲ. ಒಂದು ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಒಂದು ಪೆಟ್ಟಿಗೆ ಹೇರಿಕೊಂಡು ಔರಾದಿಗೆ, ಅಕ್ಕನ ಮನೆಗೆ ಹೊರಟುಹೋದರು. ನಾನು ಏಳುವಷ್ಟರಲ್ಲಿ ಗಾಡಿ ಹೋಗಿತ್ತು. ಗೋಡೆಯ ಮೇಲೆ ಒಂದು ಹೊಸ ತಖ್ತಿ ಇತ್ತು. ಮಣ್ಣು ಬಳಿದು, ಒಣಗಿಸಿ, ನುಣ್ಣಗೆ ತಿಕ್ಕಿ ಇಟ್ಟಿದ್ದರು. ಅದರ ಮೇಲೆ ಏನೂ ಬರೆದಿರಲಿಲ್ಲ.

ನಾನು ಮುಂದೆ ಹಟ ಹಿಡಿದು ಓದಿದೆ. ಅಪ್ಪ ಅಡ್ಡ ಬರಲಿಲ್ಲ. ಆ ರೈಲಿನಿಂದ ಇಳಿದ ಮೇಲೆ ಅವನು ನನಗೆ ಯಾವುದಕ್ಕೂ ಅಡ್ಡ ಬರಲಿಲ್ಲ, ನನ್ನ ಕಣ್ಣು ನೋಡಿ ಮಾತಾಡಲೂ ಇಲ್ಲ. ಇಂಗ್ಲಿಷ್ ಟೀಚರೇ ಆದೆ. ನೌಕರಿಯ ಮೊದಲ ಊರು ಔರಾದ ಬಿತ್ತು. ಹೋದ ದಿನವೇ ಅವರ ಮನೆ ಹುಡುಕಿದೆ. ಬಾಗಿಲಿಗೆ ಬೀಗವಿತ್ತು. ಅವರ ಅಕ್ಕ ಹಿಂದಿನ ವರ್ಷ, ಮಾಸ್ತರ್ ಸಾಹೇಬರು ಅದಕ್ಕೂ ಎರಡು ವರ್ಷ ಮೊದಲು ತೀರಿಕೊಂಡಿದ್ದರು. ಎದುರಿನ ಚಹಾ ಅಂಗಡಿಯವನು, ಅವರು ಮಕ್ಕಳಿಗೆ ತಖ್ತಿ ತಿಕ್ಕಿ ಕೊಡುತ್ತಿದ್ದರು, ಇಂಗ್ಲಿಷ್ ಕಲಿಸಿರಿ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು ಎಂದ. ನಾನು ಆ ಬೀಗ ಮುಟ್ಟಿ ಬಂದೆ. ಇನ್ನೇನು ಮಾಡಲಿಕ್ಕಿತ್ತು?

ಮೂವತ್ತು ವರ್ಷ ಪಾಠ ಮಾಡಿದೆ. ಅವರ ಪದ್ಧತಿಯಲ್ಲೇ ಮಾಡಿದೆ. ಮಕ್ಕಳು ಶಬ್ದವನ್ನು ಮನೆಗೆ ಒಯ್ದು ಬಳಸಿ ಬರಬೇಕು. ಆ ಒಂದು ಶಬ್ದ ಪುಸ್ತಕದಲ್ಲಿ ಬಂದಾಗ ಮಾತ್ರ ಬೋರ್ಡಿನ ಮೇಲೆ ಅರ್ಥ ಬರೆದು ಪುಟ ತಿರುಗಿಸಿಬಿಡುತ್ತಿದ್ದೆ. ವಾಕ್ಯ ಮಾಡಿಸುತ್ತಿರಲಿಲ್ಲ. ಒಬ್ಬ ಚೂಟಿ ಹುಡುಗಿ, "ಟೀಚರ್, ಇದರದು ಬಳಸೂದು ಇಲ್ಲೇನ್ರಿ?" ಎಂದು ಕೇಳಿದ್ದಳು. ಅವಳಿಗೆ ಸುಮ್ಮಸುಮ್ಮನೆ ಬೈದೆ. ಆ ಮಗುವಿನ ಮುಖ ಇನ್ನೂ ಕಣ್ಣ ಮುಂದಿದೆ.

ಮೊನ್ನೆ ಮೊಮ್ಮಗಳು ಮುಖಕ್ಕೆ ಮಣ್ಣು ಬಳಿದುಕೊಂಡು ಒಣಗಲೆಂದು ಫ್ಯಾನಿನ ಕೆಳಗೆ ಮಲಗಿದಳು. ಬಟ್ಟಲಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನಾನು ನನ್ನ ಪೆಟ್ಟಿಗೆಯಿಂದ ಆ ತಖ್ತಿಯನ್ನು ತೆಗೆದೆ. ಅವರು ಬಳಿದ ಮಣ್ಣು ಬಿರುಕು ಬಿಟ್ಟಿದೆ, ಮೂಲೆಗಳಲ್ಲಿ ಉದುರಿದೆ. ಇಷ್ಟು ವರ್ಷ ಅದನ್ನು ತೊಳೆಯಲು ಮನಸ್ಸು ಬಂದಿಲ್ಲ. ಉದುರಿದ ಮೂಲೆಗೆ ಬೆರಳಿನಿಂದ ಹೊಸ ಮಣ್ಣು ಹಚ್ಚಿದೆ. ಆಗ ನನ್ನ ಬಾಯಿಂದ ಆ ಮಾತು ಗಟ್ಟಿಯಾಗಿಯೇ ಬಂತು.

"ಬಳಸಿದ್ದೆರಿ ಮಾಸ್ತರ್ ಸಾಬ್. ದರ್ಜಿ ಬಂದ ದಿನಾನೇ ಬಳಸಿದ್ದೆರಿ."

ಹುಡುಗಿ ಕಣ್ಣು ಮುಚ್ಚಿಕೊಂಡೇ, ತುಟಿ ಅಲುಗಿಸದೆ, "ಯಾರ ಜೋಡಿ ಮಾತಾಡ್ಲತ್ತಿ ಆಯಿ?" ಎಂದಳು.

ತಖ್ತಿಯನ್ನು ಕಿಟಕಿಯ ಬಿಸಿಲಿಗೆ ಆನಿಸಿಟ್ಟೆ. ಒಣಗುವ ತನಕ ಅದರ ಪಕ್ಕದಲ್ಲೇ ಕೂತಿದ್ದೆ. ಸಂಜೆಯಾಯಿತು. ಮುಂದಿನ ಶಬ್ದ ಕೊಡುವವರು ಬರಲಿಲ್ಲ.